ಸಿಕ್ಕಿಬಿಟ್ಟರೆ ನಿಂತುಹೋಗುತ್ತೆ

ಕಳೆದ ತಿಂಗಳು ಒಂದು ರಾತ್ರಿ ನಮ್ಮ ರೂಮಿನ ಫ್ಯಾನು ತಿರುಗಲಿಲ್ಲ. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ರೆಕ್ಕೆ ಮಾತ್ರ ಅಲ್ಲಾಡುವುದಿಲ್ಲ. ಏಳನೇ ಕ್ಲಾಸಿನ ನನ್ನ ಮಗ ಹಾಸಿಗೆಯಲ್ಲಿ ಮಲಗಿಕೊಂಡೇ ತೀರ್ಪು ಕೊಟ್ಟ. “ಒಳಗಿರೋ ಮ್ಯಾಗ್ನೆಟ್ ವೀಕ್ ಆಗಿದೆ ಅಮ್ಮಾ.”

“ಆ ಫ್ಯಾನಿನೊಳಗೆ ಮ್ಯಾಗ್ನೆಟ್ಟೇ ಇಲ್ಲ ಕಣೋ” ಅಂದೆ.

ಎದ್ದು ಕೂತ. ಮ್ಯಾಗ್ನೆಟ್ ಇಲ್ಲದೆ ಮೋಟರ್ ಹೇಗೆ ತಿರುಗುತ್ತೆ, ನಮ್ಮ ಬುಕ್ಕಲ್ಲಿ ಚಿತ್ರ ಇದೆ, ಈ ಕಡೆ ಎನ್, ಆ ಕಡೆ ಎಸ್, ಮಧ್ಯದಲ್ಲಿ ತಂತಿ ಎಂದು ವಾದಕ್ಕೆ ನಿಂತ. ನಾನು ಮಾತಾಡಲಿಲ್ಲ. ಜೇಡರ ಬಲೆ ತೆಗೆಯುವ ಉದ್ದನೆ ಕೋಲು ತಂದು ರೆಕ್ಕೆಯನ್ನು ಮೆಲ್ಲಗೆ ತಳ್ಳಿದೆ. ಫ್ಯಾನು ತಿರುಗತೊಡಗಿತು. ಸ್ವಿಚ್ ತೆಗೆದು, ನಿಂತ ಮೇಲೆ ಮತ್ತೆ ಹಾಕಿ, ಈ ಸಲ ಉಲ್ಟಾ ಕಡೆಗೆ ತಳ್ಳಿದೆ. ಆ ಕಡೆಗೂ ತಿರುಗಿತು! ಯಾವ ಕಡೆಗೆ ತಳ್ಳಿದರೂ ಸರಿ, ಆ ಕಡೆಗೇ ಹೊರಟುಬಿಡುತ್ತೆ. ಮಗ ಬಾಯಿ ಬಿಟ್ಟುಕೊಂಡು ನೋಡಿದ. (ನೀವು ಮಾಡಬೇಡಿ. ಕೋಲು ರೆಕ್ಕೆಗೆ ಸಿಕ್ಕಿದರೆ ಕಷ್ಟ. ನನಗೆ ಚಿಕ್ಕಂದಿನಿಂದ ಅಭ್ಯಾಸ.)

ಅಭ್ಯಾಸ ಯಾಕೆ ಅಂದರೆ ನಮ್ಮಪ್ಪನದು ಮೋಟರ್ ವೈಂಡಿಂಗ್ ಅಂಗಡಿ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ತಿಪಟೂರಿನ ಕಡೆ, ತೆಂಗಿನ ತೋಟಗಳ ಮಧ್ಯೆ ಒಂದು ಸಣ್ಣ ಊರು. ಒಂದೇ ಕೋಣೆ, ಒಂದು ಶಟರ್, ಒಳಗೆಲ್ಲ ವಾರ್ನಿಶ್ ವಾಸನೆ. ಬೇಸಿಗೆ ಬಂದರೆ ಊರಿಗೆಲ್ಲ ಕಷ್ಟ, ನಮಗೆ ಸುಗ್ಗಿ. ಫೆಬ್ರವರಿಯಿಂದ ಮೇವರೆಗೆ ಸುಟ್ಟ ಮೋಟರುಗಳು ಟ್ರ್ಯಾಕ್ಟರಿನಲ್ಲಿ, ಟಿವಿಎಸ್ ಗಾಡಿಯಲ್ಲಿ, ಒಮ್ಮೊಮ್ಮೆ ಎತ್ತಿನ ಗಾಡಿಯಲ್ಲೂ ಬರುತ್ತಿದ್ದವು. ರೈತರು ಹೊರಗೆ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಾ ಕಾಯುತ್ತಿದ್ದರು. ತೋಟ ಒಣಗುತ್ತಿರುವಾಗ ಯಾರೂ ಮೋಟರ್ ಬಿಟ್ಟು ಮನೆಗೆ ಹೋಗುವುದಿಲ್ಲ.

ರಜೆಯಲ್ಲಿ ನನ್ನದು ಅಂಗಡಿಯಲ್ಲೇ ಕೆಲಸ. ಬೋರ್‌ವೆಲ್ ಮೋಟರಿನ ಸ್ಟೇಟರ್, ಅಂದರೆ ತಿರುಗದೆ ನಿಂತಿರುವ ಹೊರಭಾಗ, ಉದ್ದ, ಸಣ್ಣ, ಕೊಳವೆ ಹಾಗೆ. ಅದರ ಸ್ಲಾಟುಗಳಲ್ಲಿ (ಉದ್ದನೆ ಸೀಳುಗಳಲ್ಲಿ) ತಂತಿಯನ್ನು ಈ ತುದಿಯಿಂದ ಆ ತುದಿಗೆ ಒಂದೊಂದೇ ಎಳೆ ತೂರಿಸಬೇಕು. ನೀರಿನಲ್ಲೇ ಮುಳುಗಿರುವ ಮೋಟರ್ ಆದ್ದರಿಂದ ಅದರ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತೆ. ಅಪ್ಪ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಅವರು ದೂಡುತ್ತಾರೆ, ನಾನು ಎಳೆದು ತಿರುಗಿಸಿ ವಾಪಸ್ ದೂಡುತ್ತೇನೆ. ನನ್ನ ಬೆರಳು ಸಣ್ಣ ಇದ್ದದ್ದರಿಂದ ಅಣ್ಣನಿಗಿಂತ ನನಗೇ ಬೇಡಿಕೆ ಜಾಸ್ತಿ. ಹೊಸ ತಂತಿ ಹಾಕುವ ಮೊದಲು ಸುಟ್ಟ ಕಾಯಿಲ್ ಬಿಚ್ಚಿ ಸುತ್ತು ಎಣಿಸಬೇಕು. ಎಷ್ಟು ಎಚ್‌ಪಿ, ಎಷ್ಟು ಸ್ಲಾಟು, ಎಷ್ಟು ಟರ್ನು, ಯಾವ ಗೇಜು ಎಂದು ಅಪ್ಪನ ನೋಟ್‌ಬುಕ್ಕಿನಲ್ಲಿ ಬರೆಯುವುದೂ ನನ್ನ ಪಾಲಿಗೇ ಬಂತು. ಗಣಿತದಲ್ಲಿ ನನಗೆ ಒಳ್ಳೆ ಮಾರ್ಕ್ಸ್ ಬರದಿದ್ದರೂ ಎಣಿಸುವುದರಲ್ಲಿ ಒಂದು ಸುತ್ತೂ ತಪ್ಪುತ್ತಿರಲಿಲ್ಲ.

ಮೊದಲ ಸಲ ಒಂದು ಮೋಟರನ್ನು ಪೂರ್ತಿ ಬಿಚ್ಚಿದ್ದನ್ನು ನೋಡಿದಾಗ ನಾನೂ ಮಗನ ಹಾಗೇ ಮ್ಯಾಗ್ನೆಟ್ ಹುಡುಕಿದೆ. ಸ್ಕ್ರೂಡ್ರೈವರ್ ಹಿಡಿದು ಎಲ್ಲ ಕಡೆ ಮುಟ್ಟಿಸಿದೆ. ಎಲ್ಲೂ ಅಂಟಲಿಲ್ಲ. ಹೊರಗಡೆ ಸುತ್ತ ತಂತಿ. ಒಳಗೆ ತಿರುಗುವ ರೋಟರ್. ಆ ರೋಟರಿಗೆ ಒಂದು ತಂತಿಯೂ ಇಲ್ಲ. ಕಬ್ಬಿಣದ ತಗಡುಗಳನ್ನು ಒತ್ತಿ ಜೋಡಿಸಿ, ಮಧ್ಯೆ ಅಲ್ಯೂಮಿನಿಯಂ ಸರಳುಗಳನ್ನು ಹಾಯಿಸಿ, ಎರಡೂ ತುದಿಗೆ ಅಲ್ಯೂಮಿನಿಯಂ ಬಳೆ ತೊಡಿಸಿದಂತೆ ಇರುತ್ತೆ. ಬೋರ್‌ವೆಲ್ ಮೋಟರಿನಲ್ಲಿ ಅವೇ ತಾಮ್ರದವು. ಅಷ್ಟೇ. ಕರೆಂಟು ಒಳಕ್ಕೆ ಹೋಗಲು ದಾರಿಯೇ ಇಲ್ಲ.

“ಮ್ಯಾಗ್ನೆಟ್ ಎಲ್ಲಪ್ಪಾ?”

“ಕರೆಂಟ್ ಇದ್ದಾಗ ಇರ್ತದೆ, ಹೋದಾಗ ಇರಲ್ಲ” ಎಂದು ಅಪ್ಪ ಕೆಲಸ ಮುಂದುವರಿಸಿದರು.

ಆ ಮಾತು ನನಗೆ ಅರ್ಥವಾಗಲು ಒಂದು ಬೇರಿಂಗ್ ಗುಂಡು ಬೇಕಾಯಿತು. ವೈಂಡಿಂಗ್ ಸರಿಯಾಗಿದೆಯಾ ಎಂದು ನೋಡಲು ಅಪ್ಪ ಒಂದು ಆಟ ಆಡುತ್ತಿದ್ದರು. ರೋಟರ್ ಹಾಕದ ಖಾಲಿ ಸ್ಟೇಟರಿಗೆ ವೋಲ್ಟೇಜು ತುಂಬಾ ಇಳಿಸಿ ತ್ರೀ ಫೇಸ್, ಅಂದರೆ ಪಂಪಿಗೆ ಬರುವ ಮೂರು ತಂತಿಯ ಕರೆಂಟು, ಕೊಡುವುದು, ಒಳಗೆ ಹಳೇ ಬೇರಿಂಗಿನ ಒಂದು ಉಕ್ಕಿನ ಗುಂಡು ಬಿಡುವುದು. ಗುಂಡು ಆ ಕೊಳವೆಯ ಒಳಗೋಡೆಗೆ ಅಂಟಿಕೊಂಡು ಸುತ್ತಲು ಶುರು ಮಾಡುತ್ತೆ. ಸುತ್ತು, ಸುತ್ತು, ಮರಣಬಾವಿಯಲ್ಲಿ ಬೈಕ್ ಓಡಿಸಿದ ಹಾಗೆ. ಯಾರೂ ತಳ್ಳುತ್ತಿಲ್ಲ, ಯಾರೂ ಎಳೆಯುತ್ತಿಲ್ಲ. ತಂತಿ ಇದ್ದಲ್ಲೇ ಇದೆ, ಕಬ್ಬಿಣ ಇದ್ದಲ್ಲೇ ಇದೆ. ಮೂರರಲ್ಲಿ ಎರಡು ಫೇಸ್ ಅದಲುಬದಲು ಮಾಡಿದರೆ ಗುಂಡು ಉಲ್ಟಾ ಓಡುತ್ತೆ. ಅದನ್ನು ನೋಡಲು ಅಕ್ಕಪಕ್ಕದ ಅಂಗಡಿ ಹುಡುಗರೆಲ್ಲ ಬರುತ್ತಿದ್ದರು.

ಮಗನಿಗೆ ಇದನ್ನು ಹೇಳಲು ಗಣಪತಿ ಪೆಂಡಾಲಿನ ಸೀರಿಯಲ್ ಲೈಟ್ ನೆನಪಿಸಿದೆ. ಕಮಾನಿನ ಮೇಲೆ ಬೆಳಕು ಸರ್ರನೆ ಓಡುತ್ತೆ ಅಲ್ವಾ? ಬಲ್ಬು ಓಡುತ್ತಾ? ಇಲ್ಲ. ಒಂದಾದ ಮೇಲೆ ಒಂದು ಹತ್ತಿ ಆರುತ್ತವೆ, ಓಡಿದ ಹಾಗೆ ಕಾಣುತ್ತೆ. ಸ್ಟೇಟರಿನ ಕಾಯಿಲುಗಳೂ ಹಾಗೇ. ತಂತಿ ಸುತ್ತಿದ ಕಬ್ಬಿಣಕ್ಕೆ ಕರೆಂಟು ಹರಿದಾಗ ಅದು ಮ್ಯಾಗ್ನೆಟ್ ಆಗುತ್ತೆ. ಮೂರು ಫೇಸಿನ ಕರೆಂಟು ಒಟ್ಟಿಗೆ ಏರುವುದಿಲ್ಲ. ಒಂದು ಏರಿ ಇಳಿಯುವಾಗ ಇನ್ನೊಂದು ಏರುತ್ತಿರುತ್ತೆ, ಅದರ ಹಿಂದೆ ಮೂರನೆಯದು. ಹಾಗಾಗಿ ಮ್ಯಾಗ್ನೆಟ್ಟಿನ ಬಲ ಈ ಕಾಯಿಲಿನಿಂದ ಆ ಕಾಯಿಲಿಗೆ, ಅಲ್ಲಿಂದ ಮುಂದಿನದಕ್ಕೆ ಸುತ್ತುತ್ತಲೇ ಇರುತ್ತೆ. ಸುತ್ತುವುದು ಕಬ್ಬಿಣವಲ್ಲ, ಕಣ್ಣಿಗೆ ಕಾಣದ ಎಳೆತ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುವುದರಿಂದ ಎರಡು ಪೋಲ್ (ಒಂದು ಎನ್, ಒಂದು ಎಸ್) ಮೋಟರಿನಲ್ಲಿ ಈ ಎಳೆತ ಸೆಕೆಂಡಿಗೆ 50 ಸುತ್ತು ಹಾಕುತ್ತೆ. ನಿಮಿಷಕ್ಕೆ 3000.

ಇಲ್ಲಿ ನನ್ನ ನೋಟ್‌ಬುಕ್ಕಿನ ತಕರಾರು ಬಂತು. ಮೋಟರಿನ ಮೇಲಿನ ತಗಡಿನಲ್ಲಿ ಸ್ಪೀಡು 3000 ಅಂತ ಇರುತ್ತಿರಲಿಲ್ಲ. 2880 ಅಂತ ಇರುತ್ತಿತ್ತು. ನಾಲ್ಕು ಪೋಲ್ ಮೋಟರ್ ಆದರೆ 1500 ಅಲ್ಲ, 1440. ಬರೆಯುವವಳು ನಾನು, ನನಗೆ ಲೆಕ್ಕ ಸರಿಹೋಗಬೇಕು. ಉಳಿದ 120 ಸುತ್ತು ಎಲ್ಲಿ ಹೋಯಿತು? ಬೇರಿಂಗ್ ಬಿಗಿಯಾಗಿದ್ದರಿಂದ ಕಮ್ಮಿಯಾಯಿತಾ?

ಅಪ್ಪ ಎಸ್ಸೆಸ್ಸೆಲ್ಸಿ ಪಾಸಾದವರಲ್ಲ. ತುಮಕೂರಿನ ಒಂದು ಅಂಗಡಿಯಲ್ಲಿ ಚಹಾ ತರುತ್ತಾ ವೈಂಡಿಂಗ್ ಕಲಿತವರು. ಅವರು ಹೇಳಿದ್ದು ಇಷ್ಟು: “ಹೊರಗಿಂದು ಓಡ್ತಾ ಇರ್ತದೆ, ಒಳಗಿಂದು ಅಟ್ಟಿಸ್ಕೊಂಡು ಹೋಗ್ತದೆ. ಯಾವತ್ತೂ ಸಿಗಬಾರ್ದು. ಸಿಕ್ಬಿಟ್ರೆ ನಿಂತೋಗುತ್ತೆ ಕಣವ್ವ.”

ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ. ಆಮೇಲೆ ನಾನು ಡಿಪ್ಲೊಮಾ ಓದಿದೆ, ಹೀಗೆ ಹಿಂದೆ ಬೀಳುವುದಕ್ಕೆ ಸ್ಲಿಪ್ ಎಂಬ ಹೆಸರಿದೆ ಎಂದು ತಿಳಿಯಿತು. ರೋಟರಿಗೆ ತಂತಿ ಇಲ್ಲದಿದ್ದರೂ ಕರೆಂಟು ಹುಟ್ಟುವುದು ಹೇಗೆ? ಸುತ್ತುವ ಎಳೆತ ಆ ಸರಳುಗಳನ್ನು ದಾಟಿ ಹೋಗುವಾಗ, ದಾಟಿದ ಕಾರಣಕ್ಕೇ ಸರಳಿನಲ್ಲಿ ಕರೆಂಟು ಹುಟ್ಟುತ್ತೆ. ಕರೆಂಟು ಹುಟ್ಟಿದ ಕೂಡಲೇ ರೋಟರ್ ತಾನೂ ಒಂದು ಮ್ಯಾಗ್ನೆಟ್. ಆಗ ಹೊರಗಿನದು ಅದನ್ನು ಎಳೆದುಕೊಂಡು ಹೋಗುತ್ತೆ. ರೋಟರ್ ಅದೇ ವೇಗಕ್ಕೆ ಬಂದುಬಿಟ್ಟರೆ ದಾಟುವುದು ನಿಂತಿತು. ದಾಟದಿದ್ದರೆ ಕರೆಂಟಿಲ್ಲ. ಕರೆಂಟಿಲ್ಲದಿದ್ದರೆ ಮ್ಯಾಗ್ನೆಟ್ಟಿಲ್ಲ. ಅದಕ್ಕೇ ಸೆಕೆಂಡಿಗೆ ಹೊರಗಿನದು 50 ಸುತ್ತಿದರೆ ಒಳಗಿನದು 48. ಆ ಎರಡು ಸುತ್ತಿನ ಅಂತರದಲ್ಲೇ ನಮ್ಮ ಊರಿನ ನೀರೆಲ್ಲ ಮೇಲೆ ಬಂದದ್ದು.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಇನ್ನೊಂದು. ಹೊರೆ ಹೆಚ್ಚಾದರೆ ರೋಟರ್ ಇನ್ನಷ್ಟು ಹಿಂದೆ ಬೀಳುತ್ತೆ. ಹಿಂದೆ ಬಿದ್ದಷ್ಟೂ ಕರೆಂಟು ಹೆಚ್ಚು ಹುಟ್ಟುತ್ತೆ, ಒಂದು ಮಿತಿಯವರೆಗೆ ಎಳೆತವೂ ಹೆಚ್ಚುತ್ತೆ. ಯಾರೂ ಬಂದು ಕೀಲಿ ತಿರುಗಿಸಬೇಕಿಲ್ಲ, ತಾನೇ ಹೊಂದಿಸಿಕೊಳ್ಳುತ್ತೆ. ಆದರೆ ಅದೇ ಗುಣವೇ ಮೋಟರನ್ನು ಸುಡುವುದು. ಬೋರಿನಲ್ಲಿ ಮರಳು ತುಂಬಿ ರೋಟರ್ ಹಿಡಿದುಕೊಂಡಿತು ಅನ್ನಿ. ನಿಂತ ರೋಟರನ್ನು ಎಳೆತ ಸೆಕೆಂಡಿಗೆ ಐವತ್ತೂ ಸಲ ದಾಟುತ್ತೆ. ಕರೆಂಟು ಐದಾರು ಪಟ್ಟು ಎಳೆಯುತ್ತೆ. ಸ್ಟಾರ್ಟರಿನ ರಿಲೇ ಟ್ರಿಪ್ ಆಗಿ ಕರೆಂಟು ಕಡಿಯಬೇಕು, ಆದರೆ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಅದಕ್ಕೆ ಕಡ್ಡಿ ಸಿಕ್ಕಿಸಿರುತ್ತಾರೆ. ಐದು ನಿಮಿಷದಲ್ಲಿ ವಾಸನೆ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪ್ ಹಾಕಿದಾಗ ವೋಲ್ಟೇಜು ಬೀಳುತ್ತೆ. ವೋಲ್ಟೇಜು ಅರ್ಧವಾದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತೆ. ರೋಟರ್ ಹಿಂದೆ ಹಿಂದೆ ಬಿದ್ದು ಮತ್ತೆ ಅದೇ ಕಥೆ. “ವೋಲ್ಟೇಜ್ ಕಮ್ಮಿ ಇದ್ರೆ ಮೋಟರ್ ತಣ್ಣಗಿರ್ಬೇಕಲ್ವಾ ಸ್ವಾಮಿ?” ಎಂದು ಕೇಳದ ರೈತರೇ ಇರಲಿಲ್ಲ.

ಸರಿ, ನಮ್ಮ ಫ್ಯಾನು. ಮನೆಗೆ ಬರುವುದು ಒಂದೇ ಫೇಸು. ಒಂದು ಫೇಸಿನಲ್ಲಿ ಎಳೆತ ಸುತ್ತುವುದಿಲ್ಲ, ಇದ್ದಲ್ಲೇ ಹೆಚ್ಚುಕಮ್ಮಿ ಆಗುತ್ತೆ. ಒಂದೇ ಬಲ್ಬು ಹತ್ತಿ ಆರಿದರೆ ಬೆಳಕು ಓಡಿದಂತೆ ಕಾಣುತ್ತಾ? ಇಲ್ಲ. ಅದಕ್ಕೆ ಫ್ಯಾನಿನಲ್ಲಿ ಎರಡನೇ ವೈಂಡಿಂಗ್ ಒಂದನ್ನು ಸ್ವಲ್ಪ ಆಚೆ ಕೂರಿಸಿ, ಅದರ ಕರೆಂಟು ಮೊದಲಿನದಕ್ಕಿಂತ ಮುಂಚೆ ಏರುವ ಹಾಗೆ ಒಂದು ಕಂಡೆನ್ಸರ್ ಹಾಕಿರುತ್ತಾರೆ. ಸಣ್ಣ ಡಬ್ಬಿ, 2.5 ಮೈಕ್ರೋಫ್ಯಾರಡ್. ಎರಡು ಬಲ್ಬು ಹಿಂದೆಮುಂದೆ ಹತ್ತಿದರೆ ಸಾಕು, ಯಾವ ಕಡೆಗೆ ಓಡಬೇಕು ಎಂಬುದು ತೀರ್ಮಾನವಾಯಿತು. ಕಂಡೆನ್ಸರ್ ಸತ್ತರೆ ಫ್ಯಾನಿಗೆ ಕರೆಂಟಿದೆ, ದಿಕ್ಕಿಲ್ಲ. ಗುಂಯ್ ಅನ್ನುತ್ತೆ. ನಾವು ಕೋಲಿನಿಂದ ತಳ್ಳಿದ ಕಡೆಯೇ ದಿಕ್ಕು. ನಮ್ಮ ಕಡೆ ಎರಡು ಫೇಸ್ ಇದ್ದಾಗಲೂ ಪಂಪ್ ಓಡಿಸಲು ರೈತರು ದೊಡ್ಡ ಕಂಡೆನ್ಸರ್ ಕಟ್ಟುವುದೂ ಇದೇ ಉಪಾಯ.

ಮಗನಿಗೆ ಇಷ್ಟು ಹೇಳಿದ ಮೇಲೂ ಅನುಮಾನ. ಹಾಗಾದರೆ ಬುಕ್ಕಿನ ಚಿತ್ರ ಸುಳ್ಳಾ? ಸುಳ್ಳಲ್ಲ, ಅದು ಅವನ ಆಟದ ಕಾರಿನ ಮೋಟರ್. ಭಾನುವಾರ ಅದನ್ನೇ ಮಾಡೋಣ ಅಂದೆ. ಒಂದು ಸೆಲ್, ಎರಡು ಸೇಫ್ಟಿ ಪಿನ್, ಹಾಳಾದ ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್, ಅಪ್ಪನ ಅಂಗಡಿಯಿಂದ ಬಂದ, ಎನಾಮಲ್ (ಕರೆಂಟು ಹಾಯದ ಬಣ್ಣದಂಥ ಲೇಪ) ಹಚ್ಚಿದ ತಂತಿ. ಪೆನ್ನಿಗೆ ಹತ್ತು ಸುತ್ತು ಸುತ್ತಿ ಬಳೆ ಮಾಡಿದ. ಎರಡು ತುದಿಗಳನ್ನು ಚೆನ್ನಾಗಿ ಕೆರೆದು, ಪಿನ್ನುಗಳ ಕಣ್ಣಿನಲ್ಲಿ ತೂಗಿಬಿಟ್ಟ. ಬಳೆ ಒಂದು ಸಲ ತಿರುಗಿ, ಅಲ್ಲಾಡಿ, ನಿಂತುಬಿಟ್ಟಿತು.

ಹಾಗೇ ಆಗಬೇಕಿತ್ತು, ಆದ್ದರಿಂದ ನಾನು ಸುಮ್ನೆ ಇದ್ದೆ. ಬಳೆ ಮ್ಯಾಗ್ನೆಟ್ಟಿನ ಮುಂದೆ ಸರಿಯಾಗಿ ನಿಂತ ಮೇಲೆ ಅದಕ್ಕೆ ಹೋಗಲು ಜಾಗವಿಲ್ಲ. ಸಿಕ್ಕಿಬಿಟ್ಟಿತಲ್ಲ. ದಾಟಿದರೂ ಕರೆಂಟು ವಾಪಸ್ ಎಳೆಯುತ್ತೆ. ಆಮೇಲೆ ಇನ್ನೊಂದು ತಂತಿ ಕೊಟ್ಟು ಹೇಳಿದೆ: ಒಂದು ತುದಿ ಪೂರ್ತಿ ಕೆರಿ, ಇನ್ನೊಂದು ತುದಿಯ ಮೇಲ್ಗಡೆ ಮಾತ್ರ ಕೆರಿ, ಕೆಳಗಡೆ ಎನಾಮಲ್ ಹಾಗೇ ಇರಲಿ. ಈಗ ಅರ್ಧ ಸುತ್ತು ಕರೆಂಟು ತಳ್ಳುತ್ತೆ. ಉಳಿದರ್ಧ ಎನಾಮಲ್ ಅಡ್ಡ ಬಂದು ಕರೆಂಟು ಕಟ್ ಆಗುತ್ತೆ, ಬಳೆ ತನ್ನ ಓಟದಲ್ಲೇ ದಾಟಿಬಿಡುತ್ತೆ. ಬೆರಳಿನಿಂದ ಮುಟ್ಟಿದ. ಭರ್ರನೆ ತಿರುಗಿತು. ಮ್ಯಾಗ್ನೆಟ್ಟನ್ನು ಮಗುಚಿ ಹಾಕಿದರೆ ಉಲ್ಟಾ ತಿರುಗಿತು. ಅರ್ಧ ಕೆರೆಯುವುದರಲ್ಲೇ ಎಲ್ಲ ಇದೆ ಎಂದು ಅವನೇ ಕಂಡುಕೊಂಡ. ಎರಡು ಗಂಟೆ ಊಟಕ್ಕೆ ಬರಲಿಲ್ಲ.

ಮಿಕ್ಸಿಯಲ್ಲಿ ಅದೇ ಕೆಲಸವನ್ನು ಕಾರ್ಬನ್ ಮಾಡುತ್ತೆ. ತಿರುಗುವ ತಾಮ್ರದ ಪಟ್ಟಿಗಳಿಗೆ ಎರಡು ಕಾರ್ಬನ್ ತುಂಡು ಉಜ್ಜುತ್ತಾ, ಸಿಗುವಷ್ಟರಲ್ಲಿ ಮುಂದಿನ ಕಾಯಿಲಿಗೆ ಕರೆಂಟು ಬದಲಾಯಿಸುತ್ತೆ. ಚಟ್ನಿ ರುಬ್ಬುವಾಗ ತಳದಲ್ಲಿ ನೀಲಿ ಕಿಡಿ ಕಾಣುವುದು ಅದೇ. ಅಂದಹಾಗೆ ಮಿಕ್ಸಿಯಲ್ಲೂ ಮ್ಯಾಗ್ನೆಟ್ ಇಲ್ಲ, ಎರಡೂ ಕಡೆ ಕಾಯಿಲೇ. ಕರೆಂಟು ಉಲ್ಟಾ ಆದಾಗ ಎರಡೂ ಒಟ್ಟಿಗೆ ಉಲ್ಟಾ ಆಗುವುದರಿಂದ ತಿರುಗುವ ದಿಕ್ಕು ಬದಲಾಗುವುದಿಲ್ಲ.

ಇದೆಲ್ಲ ಶುರುವಾದದ್ದು ಡೆನ್ಮಾರ್ಕಿನಲ್ಲಿ, 1820ರಲ್ಲಿ. ಕೋಪನ್‌ಹೇಗನ್ನಿನ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್ ಕರೆಂಟು ಹರಿಯುವ ತಂತಿಯ ಹತ್ತಿರ ದಿಕ್ಸೂಚಿ ಮುಳ್ಳು ತಿರುಗುವುದನ್ನು ಕಂಡರು. ಅವರ ಕಾಲದವರಿಗೆ ವಿಚಿತ್ರ ಅನಿಸಿದ್ದು ಏನೆಂದರೆ, ಮುಳ್ಳು ತಂತಿಯ ಕಡೆಗೂ ಬರಲಿಲ್ಲ, ದೂರಕ್ಕೂ ಹೋಗಲಿಲ್ಲ. ತಂತಿಗೆ ಅಡ್ಡ ನಿಂತಿತು. ಎಳೆಯುವುದೂ ಅಲ್ಲ, ತಳ್ಳುವುದೂ ಅಲ್ಲ, ಪಕ್ಕಕ್ಕೆ ನೂಕುವ ಬಲ. ಮರುವರ್ಷ, 1821ರ ಸೆಪ್ಟೆಂಬರಿನಲ್ಲಿ, ಲಂಡನ್ನಿನ ಮೈಕೆಲ್ ಫ್ಯಾರಡೆ ಅದನ್ನು ಹಿಡಿದರು. ಬಟ್ಟಲಲ್ಲಿ ಪಾದರಸ, ಮಧ್ಯೆ ನಿಂತ ಮ್ಯಾಗ್ನೆಟ್, ಮೇಲಿನಿಂದ ತೂಗುಬಿಟ್ಟ ತಂತಿ, ತಂತಿಯ ತುದಿ ಪಾದರಸದಲ್ಲಿ. ಕರೆಂಟು ಕೊಟ್ಟರೆ ತಂತಿ ಮ್ಯಾಗ್ನೆಟ್ಟಿನ ಸುತ್ತ ಪ್ರದಕ್ಷಿಣೆ ಹಾಕಿತು. ಪಕ್ಕಕ್ಕೆ ನೂಕುತ್ತಲೇ ಇದ್ದರೆ ಸುತ್ತದೆ ಇನ್ನೇನು ಮಾಡುತ್ತೆ? ಈ ಫ್ಯಾರಡೆ ಪುಸ್ತಕಕ್ಕೆ ಬೈಂಡ್ ಹಾಕುವ ಅಂಗಡಿಯಲ್ಲಿ ಕೆಲಸ ಕಲಿತವರು, ಗಣಿತ ಅಷ್ಟಕ್ಕಷ್ಟೇ. ಅಪ್ಪನಿಗೆ ಇದನ್ನು ಹೇಳಿದಾಗ “ನೋಡ್ದಾ?” ಎಂದು ಖುಷಿಪಟ್ಟರು. ಬದಲಾಗುವ ಮ್ಯಾಗ್ನೆಟ್ ಬಲದಿಂದ ತಂತಿಯಲ್ಲಿ ಕರೆಂಟು ಹುಟ್ಟುತ್ತೆ ಎಂದು 1831ರಲ್ಲಿ ತೋರಿಸಿದ್ದೂ ಅವರೇ. ಅಪ್ಪನ ರೋಟರ್ ನಡೆಯುವುದು ಆ ಒಂದು ಮಾತಿನ ಮೇಲೆ.

ಆದರೂ ಸುತ್ತುವ ಎಳೆತದ ಮೋಟರ್ ಬರಲು ಮತ್ತೆ ಐವತ್ತು ವರ್ಷದ ಮೇಲೆ ಬೇಕಾಯಿತು. 1888ರಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್ ತಮ್ಮ ಲೇಖನ ಪ್ರಕಟಿಸಿದರು, ಅಮೆರಿಕದಲ್ಲಿದ್ದ ನಿಕೊಲಾ ಟೆಸ್ಲಾ ಪೇಟೆಂಟ್ ಪಡೆದರು. ಅದಾಗಿ ಹದಿನಾಲ್ಕೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದರು. ಅದು ದೀಪಕ್ಕೆ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅಲ್ಲ. ಅದು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಯಂತ್ರ ತಿರುಗಿಸಲು. ಬೆಂಗಳೂರಿಗೆ ಬೀದಿ ದೀಪ ಬಂದದ್ದು 1905ರಲ್ಲಿ. ಮೊದಲು ತಿರುಗುವುದು, ಆಮೇಲೆ ಬೆಳಕು.

ಮತ್ತೆ ನಮ್ಮ ಮನೆಗೆ ಬರೋಣ. ಹಾಲ್‌ಗೆ ಕಳೆದ ವರ್ಷ ಬಿಎಲ್‌ಡಿಸಿ (ಕಾರ್ಬನ್ ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನ್ ಹಾಕಿಸಿದ್ದೆವು. ಅದರಲ್ಲಿ ನಿಜವಾದ ಮ್ಯಾಗ್ನೆಟ್ ಇದೆ, ತಿರುಗುವ ಡಬ್ಬಿಯ ಒಳಗೋಡೆಗೆ ಅಂಟಿಸಿರುತ್ತಾರೆ. ಹಳೇ ಫ್ಯಾನು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ರೋಟರಿನಲ್ಲಿ ಕರೆಂಟು ಹುಟ್ಟಿಸುವ ಖರ್ಚೇ ಇಲ್ಲವಲ್ಲ. ಮಗ ಇಲ್ಲೂ ಅಡ್ಡಪ್ರಶ್ನೆ ಹಾಕಿದ: ಮ್ಯಾಗ್ನೆಟ್ ಇದ್ದರೆ ಸಿಕ್ಕಿಬಿಡಲ್ವಾ? ಒಳ್ಳೆ ಪ್ರಶ್ನೆ. ಇಲ್ಲಿ ರೋಟರ್ ಎಳೆತದ ಸರಿಸಮ ವೇಗದಲ್ಲೇ ಓಡುತ್ತೆ, ಸ್ಲಿಪ್ ಇಲ್ಲ. ಆದರೆ ಒಳಗಿನ ಸರ್ಕ್ಯೂಟ್ ಬೋರ್ಡು ಎಳೆತವನ್ನು ಸದಾ ಒಂದು ಹೆಜ್ಜೆ ಮುಂದೆ ಇಟ್ಟಿರುತ್ತೆ. ಮಿಕ್ಸಿಯ ಕಾರ್ಬನ್ ಮಾಡಿದ್ದನ್ನು ಇಲ್ಲಿ ಬೋರ್ಡು ಮಾಡುತ್ತೆ. ಒಳ್ಳೆ ಫ್ಯಾನು, ಬೇಡ ಅನ್ನುವುದಿಲ್ಲ. ಆದರೆ ಬೋರ್ಡು ಹೋದರೆ ಅಪ್ಪ ಏನೂ ಮಾಡಲಾರರು, ಅದೊಂದು ನನಗೆ ಹೊಟ್ಟೆಯುರಿ.

ರೂಮಿನ ಹಳೇ ಫ್ಯಾನಿಗೆ ಹೊಸ ಕಂಡೆನ್ಸರ್ ತಂದೆ. ಮೇನ್ ಆಫ್ ಮಾಡಿ, ಸ್ಟೂಲ್ ಹತ್ತಿ, ನಾನೇ ಹಾಕಿದೆ. ಫ್ಯಾನು ಜೋರಾಗಿಯೇ ತಿರುಗಿತು. ಆದರೆ ಸೆಖೆ ಹೋಗಲಿಲ್ಲ. ಮಗ ಮಲಗಿಕೊಂಡು ನೋಡಿದವನು “ಅಮ್ಮಾ, ಗಾಳಿ ಮೇಲಕ್ಕೆ ಹೋಗ್ತಿದೆ” ಅಂದ. ನಿಜ. ರನ್ನಿಂಗ್ ವೈಂಡಿಂಗಿನ ತಂತಿಯನ್ನೂ ಸ್ಟಾರ್ಟಿಂಗ್ ತಂತಿಯನ್ನೂ ಅದಲುಬದಲು ಮಾಡಿಬಿಟ್ಟಿದ್ದೆ. ಎಳೆತ ಉಲ್ಟಾ ಸುತ್ತುತ್ತಿತ್ತು. ಮೂವತ್ತು ವರ್ಷದ ಅನುಭವ ಎಂದು ಬೀಗಿದವಳಿಗೆ ಆಗಬೇಕಾದದ್ದೇ.

ಅವನು ನನಗಿಂತ ಮುಂಚೆ ಫೋನ್ ಎತ್ತಿಕೊಂಡು ತಾತನಿಗೆ ವರದಿ ಒಪ್ಪಿಸಿದ. ಆ ಕಡೆಯಿಂದ ನಗು ನಿಲ್ಲಲೇ ಇಲ್ಲ. ಆಮೇಲೆ ನನಗೆ ಫೋನ್ ಕೊಡು ಅಂದರು.

“ಎರಡು ವೈರ್ ಬದಲಾಯ್ಸು, ಆಯ್ತದೆ. ಹುಡುಗನ್ನ ಶನಿವಾರ ಕಳ್ಸವ್ವ. ಏಳೂವರೆ ಎಚ್‌ಪಿದು ಒಂದು ಬಂದೈತೆ. ಆ ಕಡೆ ತುದೀಲಿ ಎಳೆಯೋಕೆ ಸಣ್ಣ ಕೈ ಬೇಕು.”